ಮುಕ್ತಿನಾಥದ ದಾರಿಯಲ್ಲಿ ಎಡಗಡೆಯ ಕನ್ನಡಿ

ದಾಂಡೇಲಿ, ಹೊರಡುವ ಮುಂಚೆ

ನೇಪಾಳಕ್ಕೆ ಹೋಗಿಬಂದೆವು ಅಂದರೆ ನಮ್ಮ ಓಣಿಯವರು ಕೇಳುವುದು ಎರಡೇ ಮಾತು. "ದರ್ಶನ ಚಲೋ ಆತೇನ್ರಿ?" ಮತ್ತು "ಥಂಡಿ ಹೆಂಗಿತ್ರಿ?" ದರ್ಶನ ಚಲೋ ಆಯಿತು. ಥಂಡಿಗೆ ಹಲ್ಲು ಕಟಕಟ ಅಂದವು. ಇಷ್ಟು ಹೇಳಿದರೆ ಅವರಿಗೆ ಸಮಾಧಾನ, ನನಗಿಲ್ಲ. ನನ್ನ ಹೊಟ್ಟೆಯಲ್ಲಿ ಒಂದು ಕನ್ನಡಿಯ ಕಥೆ ಕೂತಿದೆ. ಬ್ಲೌಸಿನ ಅಳತೆ ಕೊಡಲು ಬಂದವರಿಗೆ ಅರ್ಧ ಹೇಳಿ ಅರ್ಧ ನುಂಗಿ ಸಾಕಾಗಿ, ಈಗ ಬರೆಯಲು ಕೂತಿದ್ದೇನೆ.

ನಾನು ಸುನಂದಾ. ದಾಂಡೇಲಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ನಮ್ಮವರು ಬಸವರಾಜ, ಕಾಗದದ ಕಾರ್ಖಾನೆಯಲ್ಲಿ ಫಿಟರ್. ಕೆಲವು ವರ್ಷಗಳ ಹಿಂದೆ ಅವರಿಗೆ ಮೆದುಳು ಜ್ವರ ಬಂತು. ಧಾರವಾಡದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಿವಿ ಹೋಯಿತು. ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು. ಉಳಿದ ಕಾಲು ಪಾಲಿಗೆ ಒಂದು ಮಷೀನು ಹಾಕಿಕೊಳ್ಳುತ್ತಾರೆ. ಎದುರು ಕೂತು ಸಾವಕಾಶ ಮಾತಾಡಿದರೆ, ಅಷ್ಟು ಮಷೀನಿನಿಂದ, ಇಷ್ಟು ತುಟಿ ನೋಡಿ, ಎಲ್ಲ ತಿಳಿದುಕೊಳ್ಳುತ್ತಾರೆ. ಹೆಲ್ಮೆಟ್ಟಿನೊಳಗೆ ಮಾತ್ರ ಆ ಮಷೀನು ಸೀಟಿ ಹೊಡೆಯುತ್ತದೆ. ಹಾಗಾಗಿ ಗಾಡಿ ಹತ್ತುವ ಮುಂಚೆ ಅದನ್ನು ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಾರೆ.

ಕಿವಿ ಹೋದವರಿಗೆ ತ್ರಾಸು ಕೊಡುವುದು ಕಿವಿಯಲ್ಲ, ಮಂದಿ. ಎರಡನೇ ಸಲ "ಏನಂದಿ?" ಎಂದು ಕೇಳಿದರೆ ಸಾಕು, "ಏನಿಲ್ಲ ಬಿಡ್ರಿ" ಅಂದುಬಿಡುತ್ತಾರೆ. ಮದುವೆಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಇವರು ಪಕ್ಕದವರನ್ನು ತಿವಿದು ಕೇಳಿದರು, ಆ ಪಕ್ಕದವನು, ಇವರ ಸ್ವಂತ ತಮ್ಮ, ಕಣ್ಣೊರೆಸಿಕೊಳ್ಳುತ್ತ "ಏನಿಲ್ಲ ಬಿಡಣ್ಣ" ಅಂದ. ನನಗೆ ಮೈ ಉರಿದುಹೋಯಿತು. ಅಲ್ಲೋ ಮಾರಾಯ, ಏನೂ ಇಲ್ಲದ್ದಕ್ಕೆ ಅಷ್ಟು ನಗುತ್ತೀಯಾ? ಹೀಗೆ ಏನಿಲ್ಲ, ಏನಿಲ್ಲ ಅನ್ನಿಸಿಕೊಂಡು ಇವರು ಮಂದಿಯಲ್ಲಿ ಕೂಡುವುದನ್ನೇ ಬಿಟ್ಟರು. ಆವಾಗಲೇ ನಾನು ಗಟ್ಟಿ ಮಾಡಿಕೊಂಡೆ. ಲೋಕವೆಲ್ಲ ಬಾಯಿ ಮುಚ್ಚಿದರೂ ಇವರ ಮುಂದೆ ನಾನು ಮುಚ್ಚುವುದಿಲ್ಲ. ನನ್ನ ಬಾಯಿ ಗೊತ್ತಿದ್ದವರಿಗೆ ಇದು ದೊಡ್ಡ ತ್ಯಾಗ ಅನ್ನಿಸಲಿಕ್ಕಿಲ್ಲ.

ಗಾಡಿಯ ಮೇಲಿನ ಮಾತಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆವು. ಬಲಗಡೆಯ ಕನ್ನಡಿ ರಸ್ತೆಗೆ, ಎಡಗಡೆಯದು ನನಗೆ. ಎಡಗನ್ನಡಿಯನ್ನು ಒಳಗೆ ತಿರುಗಿಸಿ ನನ್ನ ಮುಖಕ್ಕೆ ಹೊಂದಿಸುತ್ತಾರೆ, ನಾನು ಅದರ ಕಡೆ ನೋಡುತ್ತ ಮಾತಾಡುತ್ತೇನೆ, ಅವರು ಹೂಂ ಎಂದು ತಲೆ ಅಲ್ಲಾಡಿಸುತ್ತಾರೆ. ಮೊದಲ ದಿನ ಮನೆ ಮುಂದೆ ನಿಂತ ಗಾಡಿಯ ಮೇಲೆ ಕೂತೇ ಪರೀಕ್ಷೆ ಮಾಡಿದ್ದೆ. "ಒಲಿ ಮ್ಯಾಲಿನ ಹಾಲು ಇಳಿಸಿದ್ರೇನು?" ಅಂದೆ. "ಇಳಿಸೀನಿ" ಅಂದರು. ಪಾಸ್. ಅಂದಿನಿಂದ ಹಳಿಯಾಳದ ನನ್ನ ತವರಿಗೆ, ಮುಂಡಗೋಡದ ಟಿಬೆಟ್ ಕ್ಯಾಂಪಿಗೆ, ಜೋಯಿಡಾದ ಕಾಡಿನ ದಾರಿಗೆ, ಎಲ್ಲ ಕಡೆ ನನ್ನ ಮಾತು ಆ ಕನ್ನಡಿಯಲ್ಲೇ ಹರಿದಿದೆ.

ಇನ್ನು ಕನ್ನಡಿ ಬಿಚ್ಚುವ ಚಟ. ಗಣೇಶಗುಡಿ, ಸೂಪಾ ಕಡೆ ಗಾಡಿ ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಗಳಿಗೆ ಕನ್ನಡಿ ಕಂಡರೆ ಮುಗಿಯಿತು. ಮೊದಲು ಹಲ್ಲು ನೋಡಿಕೊಳ್ಳುತ್ತವೆ, ಆಮೇಲೆ ಕನ್ನಡಿಯ ಹಿಂದೆ ಯಾರಿದ್ದಾರೆಂದು ಹಣಕುತ್ತವೆ, ಯಾರೂ ಸಿಗದ ಸಿಟ್ಟಿಗೆ ತಿರುಚಿ ಮುರಿದು ಮರದ ಮೇಲೆ ಒಯ್ಯುತ್ತವೆ. ಹಾಗಾಗಿ ನಮ್ಮ ಕಡೆ ಕೆಲವರು ಕನ್ನಡಿಗೆ ಕಾಲುಚೀಲ ತೊಡಿಸುತ್ತಾರೆ, ಕೆಲವರು ಬಿಚ್ಚಿ ಒಯ್ಯುತ್ತಾರೆ. ನಮ್ಮವರು ಫಿಟರ್ ಅಲ್ಲವೇ, ಪಾನಾ ಬೇಡದೆ ಬೆರಳಿನಿಂದಲೇ ತಿರುಗಿಸಿ ತೆಗೆಯುವಂಥ, ಎರಡು ರೆಕ್ಕೆಯ ನಟ್ಟು ಹಾಕಿಸಿದರು. ಅವರು ಬಿಚ್ಚಿ ಕೊಡುವುದು, ನಾನು ಹೊಲಿದ ಚೀಲದಲ್ಲಿ ಇಟ್ಟುಕೊಳ್ಳುವುದು. ಇದು ನಮಗೆ ಚಪ್ಪಲಿ ಬಿಟ್ಟು ಒಳಗೆ ಹೋದಷ್ಟೇ ಸಹಜ.

ಪಶುಪತಿನಾಥ ನನ್ನ ಆಸೆ, ಮುಕ್ತಿನಾಥಕ್ಕೆ ಏರುವ ದಾರಿ ಅವರ ಆಸೆ. ಮೊದಲು ಮುಕ್ತಿನಾಥ, ಬರುವಾಗ ಪಶುಪತಿನಾಥ ಎಂದು ಗೊತ್ತು ಮಾಡಿಕೊಂಡೆವು. ಸುದ್ದಿ ಕೇಳಿ ಹಳಿಯಾಳದಿಂದ ನಮ್ಮಣ್ಣ ಓಡಿಬಂದ.

"ಕಿವಿ ಕೇಳಲಾರದ ಮನಷ್ಯಾನ ಹಿಂದ ಕುಂತು ಹಿಮಾಲಯಕ್ಕ ಹೊಂಟಿಯೇನವಾ? ತಲಿ ನೆಟ್ಟಗೈತಿಲ್ಲೋ ನಿಂದು?"

"ಕಿವಿ ಇದ್ದವ್ರ ಹಿಂದ ಕುಂತು ನೋಡೇನಿ, ಅಣ್ಣ. ನಿನ್ನ ಹಿಂದ ಕುಂತು ಧಾರವಾಡಕ್ಕ ಹೋಗೂದ್ರಾಗ ಎರಡ ಸಲ ಬಿದ್ದೇನಿ" ಅಂದೆ. ಅಣ್ಣ ಚಹಾ ಕುಡಿದು ಎದ್ದು ಹೋದ.

ಸುನೌಲಿ ದಾಟಿ

ಗಾಡಿಯನ್ನು ಗೋರಖಪುರದವರೆಗೆ ರೈಲಿಗೆ ಹಾಕಿ, ಅಲ್ಲಿಂದ ಸುನೌಲಿಯ ಗಡಿ ದಾಟಿದೆವು. ಪರದೇಶ ಅಂದರೆ ಏನೋ ಅಂದುಕೊಂಡಿದ್ದೆ. ಒಂದು ಕಮಾನು, ಈ ಕಡೆ ಪಾನಿಪುರಿ, ಆ ಕಡೆಯೂ ಪಾನಿಪುರಿ. ಪಾಸ್‌ಪೋರ್ಟೂ ಬೇಡ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಹಿಡಿಸಿದ್ದು ಅವರ ಕರೆಯುವ ರೀತಿ. ಗುರುತಿಲ್ಲದ ಗಂಡಸು ದಾಯಿ, ಅಂದರೆ ಅಣ್ಣ. ಹೆಂಗಸು ದೀದಿ. ಪೊಲೀಸನಿಗೂ ದಾಯಿ, ಪೊಲೀಸನೂ ನನಗೆ ದೀದಿ. ನಮ್ಮ ಕಡೆ ಅಣ್ಣಾರ, ಅಕ್ಕಾರ ಅಂದ ಹಾಗೆಯೇ. ಒಂದೇ ದಿನದಲ್ಲಿ ನಾನು ಇಡೀ ದೇಶಕ್ಕೆ ಅಕ್ಕ ಆದೆ.

ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ ನಮ್ಮವರ ಕೈ ತಾನೇ ಕನ್ನಡಿಗೆ ಹೋಗುತ್ತಿತ್ತು. ಬಲಗಡೆಯದು, ಎಡಗಡೆಯದು, ಎರಡೂ ನನ್ನ ಚೀಲಕ್ಕೆ. ಜನ ಚಹಾ ಬಿಟ್ಟು ನಮ್ಮನ್ನು ನೋಡುವರು. ತಾನಸೇನ ಎಂಬ ಊರಿನಲ್ಲಿ ಒಬ್ಬ ಪೊಲೀಸ್ ದಾಯಿ, ನಾವು ಕನ್ನಡಿ ಇಲ್ಲದ ಗಾಡಿ ಓಡಿಸಿಕೊಂಡು ಬಂದಿದ್ದೇವೆಂದು ತಿಳಿದು ವಿಚಾರಣೆ ಶುರು ಮಾಡಿದ. ನಾನು ಚೀಲ ಬಿಚ್ಚಿ ತೋರಿಸಿ, ನನ್ನ ಕುಂಟು ಹಿಂದಿಯಲ್ಲಿ "ಬಂದರ್, ಬಂದರ್" ಅಂದೆ. ಅವನು ಸುತ್ತ ನೋಡಿದ. ಒಂದು ಮಂಗವೂ ಇರಲಿಲ್ಲ. ಕೊನೆಗೆ ಕನ್ನಡಿ ಹಲ್ಲಿನಿಂದ ಕಚ್ಚಿ, ಕೆರೆದು, ಮಂಗ ಏನು ಮಾಡುತ್ತದೆಂದು ಮಾಡಿ ತೋರಿಸಬೇಕಾಯಿತು. ನಮ್ಮವರು ಆ ಕಡೆ ಮುಖ ಮಾಡಿ ನಗುತ್ತ ನಿಂತಿದ್ದರು.

ಬೇನಿಯಿಂದ ಮೇಲೆ

ಬೇನಿ ದಾಟಿದ ಮೇಲೆ ರಸ್ತೆ ಅನ್ನುವುದು ಬರೀ ಮಾತಿಗೆ. ಕಲ್ಲು, ಕೆಸರು, ಮೇಲಿಂದ ಬೀಳುವ ನೀರು, ಪಕ್ಕದಲ್ಲಿ ಪಾತಾಳ. ಪಾತಾಳದಲ್ಲಿ ಹರಿಯುವ ನದಿಯ ಹೆಸರು ಕಾಳಿ ಗಂಡಕಿ. ಊರಲ್ಲೂ ಕಾಳಿ, ಇಲ್ಲೂ ಕಾಳಿ ಎಂದು ನನಗೆ ತವರಿನವರು ಸಿಕ್ಕಷ್ಟು ಸಂತೋಷ. ಆದರೆ ನಮ್ಮ ಕಾಳಿ ಸೂಪಾದ ಅಣೆಕಟ್ಟಿನಲ್ಲಿ ಕಟ್ಟಿಸಿಕೊಂಡು ಹಸಿರಾಗಿ, ದಾಂಡೇಲಿಗೆ ಬರುವ ಹೊತ್ತಿಗೆ ಸೌಮ್ಯಳಾಗಿರುತ್ತಾಳೆ. ಈಕೆ ಬೂದಿ ಬಣ್ಣದವಳು, ಬಂಡೆಗಳ ಜೊತೆ ಜಗಳಾಡುತ್ತಲೇ ಹೋಗುವವಳು.

ಬೆರಳಿಗೆ ಬಿಚ್ಚುವ ನಟ್ಟು ಆ ಕಲ್ಲುದಾರಿಗೂ ಬಿಚ್ಚುತ್ತದೆ ಎಂದು ಅಲ್ಲಿ ತಿಳಿಯಿತು. ನಾನು ಮಾತಾಡುತ್ತಿದ್ದ ಹಾಗೆಯೇ ಎಡಗನ್ನಡಿ ನಿಧಾನಕ್ಕೆ ತಲೆ ತಗ್ಗಿಸಿ, ನನ್ನನ್ನು ಬಿಟ್ಟು ಪೆಟ್ರೋಲ್ ಟಾಂಕಿ ನೋಡತೊಡಗಿತು. ಎತ್ತಿ ಬಿಗಿ ಮಾಡಿದರು. ಮುಂದಿನ ತಿರುವಿನಲ್ಲಿ ಮತ್ತೆ ತಗ್ಗಿತು. ಬಲಗಡೆಯದಕ್ಕೂ ಅದೇ ರೋಗ, ಆದರೆ ಅವರು ಮೊದಲು ನಿಲ್ಲಿಸಿ ನೋಡಿದ್ದು ಎಡಗಡೆಯದನ್ನೇ.

"ರೀ, ಮೊದ್ಲ ಹಿಂದಿಂದು ಕಾಣೂ ಕನ್ನಡಿ ನೋಡ್ರಿ. ಲಾರಿ ಬಂದಾವು" ಅಂದೆ, ಮುಖ ಎದುರಿಗೆ ಹಿಡಿದು.

"ಲಾರಿ ಬಂದ್ರ ನೀ ನನ್ನ ಬೆನ್ನಿಗೆ ಬಡೀತಿ. ಕನ್ನಡ್ಯಾಗ ನೀ ಬಂದ್ರ ಯಾರು ಬಡೀತಾರ?" ಅಂದರು. ಅರ್ಥವಾಗಲಿಲ್ಲ, ಆದರೂ ಕೇಳಲು ಚೆಂದವಿತ್ತು.

ತಾತೋಪಾನಿಯಲ್ಲಿ ಮುಂಜಾನೆ ಕೂತು ರಿಪೇರಿ ಮಾಡಿದರು. ನಳದ ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪು ಅವರ ಚೀಲದಲ್ಲಿ ಸದಾ ಇರುತ್ತದೆ. ಅದನ್ನು ಕನ್ನಡಿಯ ಕಾಲಿನ ಸುರುಳಿಗೆ ಸುತ್ತಿದರು. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬಿನ ಚೂರು ತಂದು ಬಿಲ್ಲೆ ಕತ್ತರಿಸಿ ನಟ್ಟಿನ ಕೆಳಗೆ ಕೂಡಿಸಿದರು. ಆಮೇಲೆ ಪಾನಾ ಹಾಕಿ ಬಿಗಿದರು. ಮೇಲಿಂದ ನಾನು ನನ್ನ ಲಂಗದ ಲಾಡಿ ಒಂದನ್ನು ಎಳೆದು ತೆಗೆದು ಎರಡು ತುಂಡು ಮಾಡಿ, ಎರಡೂ ಕನ್ನಡಿಯ ಕಾಲನ್ನು ಹ್ಯಾಂಡಲಿಗೆ ಬಿಗಿದು ಕಟ್ಟಿದೆ. ಬಿಚ್ಚಿದರೂ ಬೀಳಬಾರದು ಎಂದು. ಹೊಲಿಗೆಯವಳ ಗಂಟು ಸುಮ್ಮನೆ ಬಿಚ್ಚುವುದಿಲ್ಲ.

ಅಂದಿನಿಂದ ನಿಂತಲ್ಲೆಲ್ಲ ಲಾಡಿ ಬಿಚ್ಚು, ಪಾನಾ ಹಾಕು, ಟೇಪು ಸುತ್ತು. ಬೆರಳಿನ ಕೆಲಸ ಹೋಗಿ ಅರ್ಧ ತಾಸಿನ ಕೆಲಸ ಆಯಿತು. ಆದರೂ ಬಿಚ್ಚುವುದನ್ನು ಬಿಡಲಿಲ್ಲ. ಚಟ ಅಂದರೆ ಅದು.

ಮುಕ್ತಿನಾಥದಲ್ಲಿ ಹಿಮದ ನೀರು ಬೀಳುವ ಗೋಮುಖಗಳ ಕೆಳಗೆ ಇಬ್ಬರೂ ಓಡಿದೆವು. ನಾನು ಶಿವಶಿವಾ ಎಂದು ಚೀರಿದ್ದು ದಾಂಡೇಲಿಗೆ ಕೇಳಿಸಿರಬೇಕು. ಪಕ್ಕದಲ್ಲಿದ್ದ ಇವರಿಗೆ ಕೇಳಿಸಲಿಲ್ಲ, ಆದರೆ ನನ್ನ ಬಾಯಿ ನೋಡಿ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರು.

ಮಾರ್ಫಾ

ಇಳಿಯುವಾಗ ಮಾರ್ಫಾ ಎಂಬ ಹಳ್ಳಿಯಲ್ಲಿ ತಂಗಿದೆವು. ಸುಣ್ಣ ಬಳಿದ ಕಲ್ಲಿನ ಮನೆಗಳು, ನಡುವೆ ಕಲ್ಲು ಹಾಸಿದ ಓಣಿ, ಹಾಸುಗಲ್ಲಿನ ಕೆಳಗೆ ಹರಿಯುವ ನೀರು, ಮಾಳಿಗೆಯ ಅಂಚಿಗೆಲ್ಲ ಒಟ್ಟಿದ ಕಟ್ಟಿಗೆ. ಬಣ್ಣದ ಪತಾಕೆ, ಮಂತ್ರದ ಗಾಲಿ ನೋಡಿದರೆ ಮುಂಡಗೋಡದ ಕ್ಯಾಂಪಿಗೇ ಬಂದ ಹಾಗೆ. ಸೇಬಿನ ವಾಸನೆ ಮಾತ್ರ ಬೇರೆ.

ನಾವು ಇಳಿದ ಮನೆಯವಳು ನನಗಿಂತ ಹಿರಿಯಳು. ದೀದಿ ಎಂದೇ ಕರೆದೆ. ಗಂಡ ತೀರಿಕೊಂಡಿದ್ದಾನೆ. ಯಾತ್ರಿಕರ ಜೊತೆ ಮಾತಾಡಿ ಮಾತಾಡಿ ಹಿಂದಿ ಕಲಿತಿದ್ದಾಳೆ. ಅವಳದೂ ಕುಂಟು ಹಿಂದಿ, ನನ್ನದೂ ಕುಂಟು ಹಿಂದಿ, ಇಬ್ಬರೂ ಒಬ್ಬರಿಗೊಬ್ಬರು ಆನಿಸಿಕೊಂಡು ಚೆನ್ನಾಗಿ ನಡೆದೆವು. ಎಲ್ಲ ಸರಿಯಿತ್ತು. ನಮ್ಮವರು ಪಾನಾ ತೆಗೆದು ಕನ್ನಡಿ ಬಿಚ್ಚಲು ಕೂತಾಗ ದೀದಿಯ ಮುಖ ಇಳಿಯಿತು.

"ನಮ್ಮ ಊರಿನಲ್ಲಿ ಕಳ್ಳರಿಲ್ಲ" ಅಂದಳು. "ನನ್ನ ಬಾಗಿಲಿಗೆ ಬೀಗ ಕೂಡ ಇಲ್ಲ."

"ಅಯ್ಯೋ ದೀದಿ, ಕಳ್ಳರಿಗಲ್ಲ, ಮಂಗಗಳಿಗೆ" ಅಂದೆ.

"ಇಲ್ಲಿ ಮಂಗಗಳೂ ಇಲ್ಲ."

ಅಂದಳು, ಒಳಗೆ ಹೋದಳು, ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟಳು. ಮನೆಗೆ ಬಂದ ಬೀಗರು ಊಟದ ತಾಟನ್ನು ಮತ್ತೊಮ್ಮೆ ತೊಳೆದುಕೊಂಡರೆ ನಮಗೆ ಹೇಗಾದೀತೋ, ಹಾಗಾಗಿತ್ತು ಅವಳಿಗೆ. ನಾನು ಇವರ ಕೈ ಹಿಡಿದೆ. "ಇರಲಿ ಬಿಡ್ರಿ, ಒಂದಿನಾ. ಪಾಪ, ಆಕಿ ಮನಸ್ಸಿಗೆ ಹತ್ತೈತಿ." ಇವರು ಕನ್ನಡಿ ನೋಡಿದರು, ಅಡಿಗೆಮನೆ ಕಡೆ ನೋಡಿದರು, ಪಾನಾ ಒಳಗಿಟ್ಟರು. ಊಟಕ್ಕೆ ದೀದಿ ನಮ್ಮ ಅನ್ನಕ್ಕೆ ಎರಡು ಚಮಚ ತುಪ್ಪ ಹೆಚ್ಚು ಸುರಿದಳು. ಕನ್ನಡಿ ಗಾಡಿಯಲ್ಲೇ ಉಳಿದವು.

ಬೆಳಿಗ್ಗೆ ನಾನು ಚಹಾದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ಕೂತಿದ್ದಾಗ ಓಣಿಯ ತುದಿಯಲ್ಲಿ ಗಂಟೆಗಳ ಸಪ್ಪಳ. ಅವರ ದಸೈಂ ಹಬ್ಬ, ಅಂದರೆ ನಮ್ಮ ದಸರೆಯೇ, ಹತ್ತಿರ ಬಂದಿತ್ತು. ಹಬ್ಬಕ್ಕೆಂದು ಮೇಲಿನ ಬೆಟ್ಟಗಳಿಂದ ಆಡಿನ ಹಿಂಡುಗಳನ್ನು ಕೆಳಗೆ ಹೊಡೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಬನ್ನಿ ಎಲೆ ಕೊಟ್ಟು ಬಂಗಾರದ್ಹಂಗ ಇರೂಣು ಅನ್ನುವ ಹಬ್ಬ, ಇಲ್ಲಿ ಆಡುಗಳ ಪಾಲಿಗೆ ಹಾಗಿಲ್ಲ. ಉದ್ದ ಕೂದಲಿನ, ಗಡ್ಡದ, ದೊಡ್ಡ ದೊಡ್ಡ ಕೊಂಬಿನವು ಓಣಿ ತುಂಬ ನುಗ್ಗಿದವು. ಓಣಿ ಸಾಲದೆ ಕೆಲವು ಪಕ್ಕದ ಮೋಟು ಗೋಡೆ ಹತ್ತಿದವು. ನಮ್ಮ ಗಾಡಿ ಆ ಗೋಡೆಗೇ ಒರಗಿತ್ತು.

ಮುಂದಿದ್ದ ದೊಡ್ಡ ಹೋತ ಗೋಡೆಯ ಮೇಲೆ ನಡೆಯುತ್ತ ಬಂದು ಎಡಗನ್ನಡಿಯ ಮುಂದೆ ನಿಂತಿತು. ಒಳಗೆ ಇನ್ನೊಂದು ಹೋತ. ಇದು ಗಡ್ಡ ಅಲ್ಲಾಡಿಸಿತು, ಅದೂ ಅಲ್ಲಾಡಿಸಿತು. ಇದು ತಲೆ ಬಗ್ಗಿಸಿತು, ಅದೂ ಬಗ್ಗಿಸಿತು. "ಏ ಬ್ಯಾಡೋ ಯಪ್ಪಾ!" ಎಂದು ನಾನು ಬಟ್ಟಲು ಒಗೆದು ಎದ್ದೆ. ಅಷ್ಟರಲ್ಲಿ ಡಿಕ್ಕಿ ಹೊಡೆದೇಬಿಟ್ಟಿತು.

ಓಡಿಹೋಗಿ ನೋಡಿದರೆ ಕನ್ನಡಿಯ ಕಾಲು ಒಂದು ಕೂದಲೆಳೆ ಕದಲಿರಲಿಲ್ಲ. ಟೇಪು, ಟ್ಯೂಬು, ಲಾಡಿ ಎಲ್ಲ ಇದ್ದಲ್ಲೇ ಇದ್ದವು. ಗಾಜು ಮಾತ್ರ ಹಾಸುಗಲ್ಲಿನ ಮೇಲೆ ಸಕ್ಕರೆಯ ಹಾಗೆ ಚೆಲ್ಲಿತ್ತು. ಸಡಿಲು ಬಿಟ್ಟಿದ್ದರೆ ಡಿಕ್ಕಿಗೆ ತಿರುಗಿಕೊಂಡು ಉಳಿಯುತ್ತಿತ್ತೇನೋ. ಅಷ್ಟು ಭದ್ರ ಮಾಡಿದ್ದೇ ಅದಕ್ಕೆ ಮುಳುವಾಯಿತು.

ಸದ್ದು ಕೇಳದ ನಮ್ಮವರು ಹಲ್ಲುಜ್ಜುತ್ತ ಹೊರಗೆ ಬಂದವರು, ನೋಡಿ ನಿಂತುಬಿಟ್ಟರು. ಬಲಗಡೆಯ ಕನ್ನಡಿ ಸುರಕ್ಷಿತವಿದೆ, ಗಾಡಿ ಓಡಿಸಲು ಅಡ್ಡಿಯಿಲ್ಲ, ಪೋಖರಾದಲ್ಲಿ ಹೊಸದು ಸಿಗುತ್ತದೆ. ಇಷ್ಟೆಲ್ಲ ನಾನು ಎದುರು ನಿಂತು ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕೂತು ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ವಸ್ತು ಒಡೆದರೆ ಅಷ್ಟು ಮುಖ ಸಣ್ಣ ಮಾಡುವ ಗಂಡಸಲ್ಲ ಅವರು.

ತಾಶಿ ಮತ್ತು ದೀದಿ

ಆವಾಗ ಹಿಂದಿನಿಂದ ಒಂದು ದನಿ ಬಂತು. "ಏನ್ರೀ ಅಕ್ಕಾರ, ಕರ್ನಾಟಕದ ಗಾಡಿ ಐತಲ್ರಿ! ಯಾವೂರ್ರಿ?"

ಹಿಮಾಲಯದಲ್ಲಿ ನಮ್ಮ ಕಡೆಯ ಕನ್ನಡ! ತಿರುಗಿದರೆ ಟಿಬೆಟಿನವರೊಬ್ಬರು, ಮೈಮೇಲೆ ಉಣ್ಣೆಯ ಕೋಟು, ಕೈಯಲ್ಲಿ ಸೇಬಿನ ಬುಟ್ಟಿ. ಹೆಸರು ತಾಶಿ. ಹುಟ್ಟಿ ಬೆಳೆದದ್ದು ಮುಂಡಗೋಡದ ಕ್ಯಾಂಪಿನಲ್ಲಿ, ಇಲ್ಲಿಯವಳನ್ನು ಮದುವೆಯಾಗಿ ಇಲ್ಲಿಗೆ ಬಂದವರು. ದಾಂಡೇಲಿ ಅಂದ ಕೂಡಲೇ ಬುಟ್ಟಿ ಇಳಿಸಿ ಇವರ ಎರಡೂ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ಆಡು ಕಾಯುವವನೂ ಬಂದ. ಮೊದಲು ಹೋತದ ಹಣೆ ಸವರಿ ನೋಡಿದ, ಆಮೇಲೆ ಗಾಡಿ ನೋಡಿದ, ಏನೋ ಹೇಳಿದ.

"ಏನಂತಾನ್ರಿ?" ಅಂದೆ.

"ಈ ಹೋತ ಮನಿಯಾಗೂ ಹಿಂಗ ಐತಂತ್ರಿ. ನೀರಿನ ಹೊಂಡದಾಗ ತನ್ನ ಮಾರಿ ಕಂಡ್ರೂ ಹಾಯತೈತಂತ" ಅಂದರು ತಾಶಿ. "ನಿಮ್ಮ ಕಡೆ ಮಂಗ್ಯಾ, ನಮ್ಮ ಕಡೆ ಹೋತ ನೋಡ್ರಿ." ಆಡು ಕಾಯುವವನು ಕೈಮುಗಿದು, ಒಣಗಿಸಿ ಕಲ್ಲಿನಷ್ಟು ಗಟ್ಟಿಯಾದ ಗಿಣ್ಣಿನ ಚೂರುಗಳನ್ನು ನನ್ನ ಸೆರಗಿಗೆ ಹಾಕಿ ಹಿಂಡಿನ ಹಿಂದೆ ಹೋದ.

ದೀದಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ತನ್ನ ಮಾತಿಗೆ ನಾವು ಕನ್ನಡಿ ಬಿಟ್ಟೆವು ಎಂದು ಅವಳಿಗೆ ಸಂಕಟ. ಬಲಗಡೆಯದು ಇದೆಯಲ್ಲ, ಸಾಲದೇ ಎಂದು ತಾಶಿಯವರ ಮೂಲಕ ಕೇಳಿದಳು. ರಸ್ತೆಗೆ ಸಾಲುತ್ತದೆ, ಮಾತಿಗೆ ಸಾಲುವುದಿಲ್ಲ ಅಂದೆ. ಕಿವಿ ಹೋದದ್ದು, ಎಡಗನ್ನಡಿಯಲ್ಲಿ ನಾವು ಮಾತಾಡುವುದು, ಎಲ್ಲ ಹೇಳಿದೆ. ತಾಶಿ ಅದನ್ನು ನೇಪಾಳಿಗೆ ತಿರುಗಿಸಿ ಹೇಳಿದರು.

ದೀದಿ ಒಳಗೆ ಹೋಗಿ ಅಡಿಗೆಮನೆಯ ಮೊಳೆಯಿಂದ ತನ್ನ ದುಂಡು ಕನ್ನಡಿ ಇಳಿಸಿಕೊಂಡು ಬಂದಳು. ನೀಲಿ ಪ್ಲಾಸ್ಟಿಕ್ ಅಂಚಿನದು, ಮುಂಜಾನೆ ಜಡೆ ಹಾಕಿಕೊಳ್ಳುವಾಗ ನೋಡಿಕೊಳ್ಳುವಂಥದು. ಬೇಡವೇ ಬೇಡ ಅಂದೆ.

"ನನ್ನ ಮುಖ ನೋಡುವವರು ಈಗ ಈ ಮನೆಯಲ್ಲಿಲ್ಲ. ನಿನ್ನದನ್ನು ನೋಡುವವರಿದ್ದಾರೆ. ಒಯ್ಯಿ" ಅಂದಳು.

ಅವಳನ್ನು ತಬ್ಬಿಕೊಂಡೆ. ಅವಳ ಮೈಯಿಂದ ಕಟ್ಟಿಗೆಯ ಹೊಗೆ ಮತ್ತು ಸಾಸಿವೆ ಎಣ್ಣೆಯ ವಾಸನೆ ಬರುತ್ತಿತ್ತು.

ಆ ಕನ್ನಡಿಯನ್ನು ಕಟ್ಟಲು ನಮ್ಮವರು, ತಾಶಿ, ದೀದಿ ಮೂವರೂ ಕೈಹಚ್ಚಿದರು. ಉಳಿದ ಕಾಲಿನ ತುದಿಗೆ ಒಂದು ತೆಳು ಹಲಗೆಯ ಚೂರು, ಹಲಗೆಗೆ ಕನ್ನಡಿ, ಸುತ್ತ ಟ್ಯೂಬಿನ ಪಟ್ಟಿ, ಮೇಲೆ ದೀದಿ ಕೊಟ್ಟ ಉಣ್ಣೆಯ ಹುರಿ. ಗಾಡಿಯ ಕಿವಿಗೆ ಹಪ್ಪಳ ಸಿಕ್ಕಿಸಿದ ಹಾಗೆ ಕಾಣುತ್ತಿತ್ತು. ನಮ್ಮವರು ಮುಂದೆ ಕೂತು, ನನ್ನನ್ನು ಹಿಂದೆ ಕೂರಿಸಿ, ಅದನ್ನು ಅತ್ತ ಇತ್ತ ತಿರುಗಿಸಿ, ನನ್ನ ಮುಖ ಸಿಕ್ಕ ಮೇಲೆ "ಹಾಂ!" ಅಂದರು. ಮುಖ ಅರಳಿತ್ತು.

ಕೆಳಗೆ ಇಳಿಯುತ್ತ

ಆ ದಿನ ಮೋಡ ಕವಿದ ಮಬ್ಬು. ಹೆಲ್ಮೆಟ್ಟಿನ ಕಪ್ಪು ಗಾಜು ಹಾಕಿಕೊಂಡರೆ ದಾರಿ ಕಾಣುವುದಿಲ್ಲವೆಂದು ಇವರು ಅದನ್ನು ಮೇಲೆತ್ತಿದ್ದರು. ಇದನ್ನು ಯಾಕೆ ಹೇಳುತ್ತೇನೆಂದರೆ, ಅಷ್ಟು ವರ್ಷ ಆ ಎಡಗನ್ನಡಿಯಲ್ಲಿ ನನಗೆ ಕಂಡದ್ದು ಆ ಕಪ್ಪು ಗಾಜು ಮಾತ್ರ. ಅದು ಅಲ್ಲಾಡಿದರೂ ಕಪ್ಪು, ನಿಂತರೂ ಕಪ್ಪು. ಅಂದು ಮೊದಲ ಸಲ ಅವರ ಕಣ್ಣು ಕಂಡವು. ಕಂಡವು ಅನ್ನುವುದೂ ತಪ್ಪು. ಗಾಡಿ ಚಾಲೂ ಆದದ್ದೇ ಕನ್ನಡಿ ಥರಥರ ನಡುಗಿ, ಎರಡು ಕಣ್ಣು ನಾಲ್ಕಾಗಿ, ಮೂಗು ಗದ್ದದವರೆಗೆ ಇಳಿದು, ಮುಖವೆಂಬುದು ಕಲಸಿದ ಹಿಟ್ಟಾಯಿತು.

ನಾನು ಎಂದಿನಂತೆ ಮಾತಾಡುತ್ತಲೇ ಇದ್ದೆ. ದೀದಿಗೆ ಒಂದು ಕುಪ್ಪಸ ಹೊಲಿದು ತಾಶಿಯವರ ವಿಳಾಸಕ್ಕೆ ಕಳಿಸಬೇಕು ಎಂದೇನೋ ಹೇಳುತ್ತಿದ್ದೆ. ಇವರು ಹೂಂ ಎಂದು ತಲೆ ಅಲ್ಲಾಡಿಸಿದರು. ಆಗ ನನ್ನ ತಲೆಯಲ್ಲಿ ಏನೋ ಟಕ್ ಅಂತು. ನನಗೇ ಇವರ ಕಣ್ಣು ಕಾಣುವುದಿಲ್ಲ, ಇವರಿಗೆ ನನ್ನ ತುಟಿ ಹೇಗೆ ಕಾಣುತ್ತದೆ?

"ರೀ, ನಿಮ್ಮ ತಲಿ ಮ್ಯಾಲೆ ಹೋತ ಕುಂತೈತಿ" ಅಂದೆ.

ಹೂಂ ಎಂದು ತಲೆ ಅಲ್ಲಾಡಿಸಿದರು.

"ನಾ ದೀದಿ ಕೂಡ ಇಲ್ಲೇ ಇರ್ತೇನಿ. ನೀವೊಬ್ರ ದಾಂಡೇಲಿಗೆ ಹೋಗ್ರಿ."

ಹೂಂ. ಸಂತೋಷದಿಂದ, ಎರಡು ಸಲ.

ಬೆನ್ನಿಗೆ ಗುದ್ದಿ ಗಾಡಿ ನಿಲ್ಲಿಸಿದೆ. ಬಂಡೆಯ ಪಕ್ಕ ಒರಗಿಸಿ, ಹೆಲ್ಮೆಟ್ ತೆಗೆದು, ಕಿಸೆಯಿಂದ ಮಷೀನು ತೆಗೆದು ಕಿವಿಗೆ ಹಾಕಿಕೊಂಡು, ಏನಾಯಿತೆಂದು ಗಾಬರಿಯಿಂದ ನೋಡಿದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಎದುರು ನಿಂತೆ.

"ಖರೇ ಹೇಳ್ರಿ. ಗಾಡಿ ಓಡೂಮುಂದ ನನ್ನ ಮಾತು ನಿಮಗ ತಿಳೀತೈತೇನು?"

ಅವರು ಕೆಳಗಿನ ನದಿ ನೋಡಿದರು. "ತಿಳೀತೈತಿ" ಅಂದರು. ಆಮೇಲೆ, "ನಿಂತಾಗ ತಿಳೀತೈತಿ. ರೈಲ್ವೆ ಗೇಟು ಬಿದ್ದಾಗ."

"ಓಡೂಮುಂದ?"

"ಓಡೂಮುಂದ ಕನ್ನಡಿ ನಡಗತೈತಿ, ಸುನಂದಾ. ಹಳೇದೂ ನಡಗತಿತ್ತು. ಮಾರಿ ಕಾಣತೈತಿ. ಮಾತಾಡಾಕತ್ತಿ ಅನ್ನೂದು ತಿಳೀತೈತಿ. ಏನ ಮಾತಾಡಾಕತ್ತಿ ಅನ್ನೂದು ತಿಳಿಯಂಗಿಲ್ಲ."

"ಮೊದಲಿಂದ್ಲೂ?"

"ಮೊದಲಿಂದ್ಲೂ."

ಅಯ್ಯೋ ಶಿವನೇ. ಹಳಿಯಾಳದ ದಾರಿಯಲ್ಲಿ, ಮುಂಡಗೋಡದ ದಾರಿಯಲ್ಲಿ ನಾನು ಒಪ್ಪಿಸಿದ ಕಥೆಗಳೆಷ್ಟು, ಮಾಡಿದ ಜಗಳಗಳೆಷ್ಟು, ಗೆದ್ದೆನೆಂದುಕೊಂಡ ವಾದಗಳೆಷ್ಟು! "ಇಷ್ಟು ವರ್ಷ ಗ್ವಾಡಿ ಮುಂದ ಮಾತಾಡಿದ್ಹಂಗ ಆತಲ್ರಿ! ಮತ್ತ ಹೂಂ, ಹೂಂ ಅಂತ ತಲಿ ಯಾಕ ಅಲ್ಲಾಡಿಸಿದ್ರಿ?"

"ನೀ ನಕ್ಕರ ನಗತಿದ್ದೆ. ಹುಬ್ಬು ಗಂಟ ಹಾಕಿದ್ರ ಹೂಂ ಅಂತಿದ್ದೆ."

ನಗು ಬಂದುಬಿಡುತ್ತದೇನೋ ಎಂದು ತುಟಿ ಕಚ್ಚಿಕೊಂಡೆ. ಸಿಟ್ಟು ಇನ್ನೂ ಮುಗಿದಿರಲಿಲ್ಲ. "ಹೇಳಬೇಕಿಲ್ಲೋ? ಒಂದ ಮಾತು ಹೇಳಬೇಕಿಲ್ಲೋ ನನಗ?"

ಅವರು, ಕಿವಿ ಹೋದವರು ಮಾತಾಡುವ ಹಾಗೆ, ದನಿ ಎಷ್ಟಿರಬೇಕೆಂದು ತಿಳಿಯದೆ ತೀರ ಸಣ್ಣಗೆ ಹೇಳಿದರು. "ಹೇಳಿದ್ರ ನೀನೂ ನಿಲ್ಲಿಸಿಬಿಡತಿದ್ದಿ. ಎಲ್ಲಾರೂ ನಿಲ್ಲಿಸ್ಯಾರ. ತಿಳಿಯಲಾರದವನಿಗೆ ಯಾಕ ಹೇಳೂದು ಅಂತ ನೀನೂ ಹಿಂದ ಸುಮ್ಮನ ಕುಂತಿದ್ರ, ನಾ ಗಾಡಿ ಎಲ್ಲಿಗಂತ ಹೊಡೀಲಿ? ನಿನ್ನ ಮಾರಿ ಮಾತಾಡೂದು ನೋಡಕೋತ ಹೊಂಟ್ರ ನನಗ ಏನೂ ಆಗಿಲ್ಲ ಅನಸತೈತಿ."

ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ, ಧೂಳೆಲ್ಲ ಕೆಸರಾಯಿತು. ಅವರು ಗಾಡಿಯ ಕಡೆ ಹೋಗಿ, ಗುಟ್ಟು ಹೊರಬಿದ್ದ ಮೇಲೆ ಇನ್ನೇಕೆ ಎಂಬಂತೆ, ದೀದಿಯ ಕನ್ನಡಿಯನ್ನು ರಸ್ತೆಯ ಕಡೆ ತಿರುಗಿಸಹೋದರು. ನಾನು ಅವರ ಕೈ ಸರಿಸಿ ಕನ್ನಡಿಯನ್ನು ನನ್ನ ಕಡೆಗೇ ತಿರುಗಿಸಿ, ಹುರಿ ಬಿಗಿ ಮಾಡಿ, ಹಿಂದೆ ಹತ್ತಿ ಕೂತೆ. "ಹೋಗೂಣು, ನಡೀರಿ."

ಗಾಡಿ ಹೊರಟಿತು, ಕನ್ನಡಿ ನಡುಗಿತು, ನಾನು ಶುರು ಮಾಡಿದೆ. ತಿಳಿಯುವುದಿಲ್ಲ ಎಂದು ಗೊತ್ತಿದ್ದೇ ಮಾತಾಡುವುದು ಬೇರೆ ಥರ. ಹಾಲು, ಹೊಲಿಗೆ, ನಾದಿನಿಯ ಚಾಡಿ ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಧಾರವಾಡದ ಆಸ್ಪತ್ರೆ. ಅಂದಿನ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ಅದನ್ನೆಲ್ಲ ಆ ನಡುಗುವ ಕನ್ನಡಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸುತ್ತಿದ್ದರು.

ತಾತೋಪಾನಿಗೆ ಮುಂಚೆ ಒಂದು ಕಡೆ ಗುಡ್ಡ ಜರಿದು, ಬಸ್ಸುಗಳು ಸಾಲಾಗಿ ನಿಂತಿದ್ದವು. ಇವರು ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಮಷೀನು ಹಾಕಿಕೊಂಡು, ಸೀಟಿನ ಮೇಲೆ ಪೂರ್ತಿ ನನ್ನ ಕಡೆ ತಿರುಗಿ ಕೂತರು.

"ಈಗ ಹೇಳು."

"ಏನು?"

"ದಾರ್ಯಾಗ ಹೇಳಿದ್ದೆಲ್ಲಾ. ಅಳಾಕತ್ತಿದ್ದಿ."

ಕನ್ನಡಿಗೆ ಹೇಳಿದಷ್ಟು ಸುಲಭವಿರಲಿಲ್ಲ. ಹಿಂದಿನ ಬಸ್ಸಿನವನು ಸುಮ್ಮನೆ ಹಾರ್ನ್ ಬಾರಿಸುತ್ತಿದ್ದ. ನಾನು ಅವರ ಮುಖ ನೋಡುತ್ತ, ಸಾವಕಾಶ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಅವತ್ತ ಡಾಕ್ಟ್ರು ಹೊರಗ ಬಂದು, ಜೀವಕ್ಕ ಭಯ ಇಲ್ಲ, ಆದ್ರ ಕಿವಿ ಹೋಗ್ಯಾವು ಅಂದ್ರು. ಎಲ್ಲಾರೂ ಅಳಾಕ ಹತ್ತಿದ್ರು. ನನಗ ಅಳು ಬರಲಿಲ್ಲ. ಜೀವ ಉಳೀತಲ್ಲ, ಕಿವಿ ಹೋದ್ರ ಹೋಗ್ಲಿ ಅನಿಸಿಬಿಟ್ಟಿತು. ನಕ್ಕೆ ನಾ. ಎಲ್ಲಾರ ಮುಂದ ನಕ್ಕುಬಿಟ್ಟೆ. ನಗು ನಿಲ್ಲವಲ್ದು. ಹಂಗ ನಿಮ್ಮ ಮಂಚದ ಕಡೆ ಓಡಿ ಬಂದೆ. ನೀವು ಇಷ್ಟು ತ್ರಾಸು ಪಡೂದು ನೋಡಿ, ಆ ನಗು ನೆನಸಿ ಎಷ್ಟೋ ಸಲ ಜೀವ ಹಿಂಡೇತಿ ನನಗ."

ಅವರು ನನ್ನ ತುಟಿಯಿಂದ ಕೊನೆಯ ಮಾತು ಎತ್ತಿಕೊಳ್ಳುವವರೆಗೂ ಅಲುಗಾಡದೆ ನೋಡಿದರು. ಆಮೇಲೆ ನನ್ನ ಗದ್ದದ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು.

"ಗೊತ್ತೈತಿ" ಅಂದರು. "ಕಣ್ಣ ತೆರದಾಗ ಏನೂ ಕೇಳಸವಲ್ದು. ಎಲ್ಲಿ ಅದೇನಿ ಅನ್ನೂದ ತಿಳೀವಲ್ದು. ಸತ್ತೇನಿ ಅಂತ ಮಾಡಿದ್ದೆ. ನೀ ಎದುರ ನಿಂತು ನಗಾಕತ್ತಿದ್ದಿ. ಓಹೋ, ಉಳದೇನಿ ಅಂತ ಆವಾಗ ತಿಳೀತು ನನಗ."